ಮರಳುಗಾಡಿನ ದೂಳು ಹಿಡಿಯಲು ಹೈ-ವಾಲ್ಯೂಮ್ ಸ್ಯಾಂಪ್ಲರ್: ಕಾರವಾರದ ತಾರಸಿಗೆ ಇದು ಒಗ್ಗುತ್ತದೆಯೇ?

ಯಂತ್ರ ನೋಡಲು ಸಾದಾ. ಇಳಿಜಾರು ಮಾಡಿನ ಒಂದು ಅಲ್ಯೂಮಿನಿಯಂ ಗೂಡು, ಮಾಡಿನ ಕೆಳಗೆ 20×25 ಸೆಂಟಿಮೀಟರಿನ ಫಿಲ್ಟರ್ ಹಾಳೆ, ಅದರ ಕೆಳಗೆ ಗಾಳಿ ಎಳೆಯುವ ಬ್ಲೋವರ್, ಬದಿಗೆ ಟೈಮರ್. ನಿಮಿಷಕ್ಕೆ 1.1 ಘನ ಮೀಟರ್ ಗಾಳಿ ಎಳೆದರೆ 24 ತಾಸಿಗೆ 1,584 ಘನ ಮೀಟರ್ ಆಯಿತು. ಪೇಟೆಯ ಚೌಕಗಳಲ್ಲಿ, ಕಾರ್ಖಾನೆಗಳ ಬದಿಯಲ್ಲಿ ದೂಳು ಅಳೆಯಲು ಇಡುವ ಯಂತ್ರವೇ ಇದು. ನಮ್ಮ ದೇಶದಲ್ಲಿ ಹಲವರು ತಯಾರಿಸುತ್ತಾರೆ, ಒಳಗಿನ ರಚನೆ ಹೆಚ್ಚುಕಮ್ಮಿ ಒಂದೇ. ಅರಬ್ಬೀ ಸಮುದ್ರ ದಾಟಿ ಬರುವ ಮರಳುಗಾಡಿನ ದೂಳು ನಮ್ಮ ಕಡಲಿಗೆ ಎಷ್ಟು ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ ತಂದು ಸುರಿಯುತ್ತದೆ ಎಂದು ತಿಳಿಯಲು ಕಾಲೇಜಿನವರೋ ಸಂಶೋಧನಾ ತಂಡದವರೋ ಇದನ್ನು ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ತಾರಸಿಯಲ್ಲಿಟ್ಟು ಓಡಿಸಿದರೆ ನೀವು ಅಳೆಯುವುದು ಅರೇಬಿಯಾದ ದೂಳನ್ನಲ್ಲ, ಯಂತ್ರದ ಮೈಯನ್ನೂ ಕಾರವಾರದ ಕೆಂಪು ಮಣ್ಣನ್ನೂ. ಗಾಳಿ ಎಳೆಯುವ ಕೆಲಸಕ್ಕೆ 5ರಲ್ಲಿ 4 ಅಂಕ ಧಾರಾಳವಾಗಿ ಕೊಡಬಹುದು. ಲೋಹಗಳ ಲೆಕ್ಕಕ್ಕೆ, ಬದಲಾವಣೆ ಮಾಡದ ಸ್ಥಿತಿಯಲ್ಲಿ, 2ಕ್ಕಿಂತ ಹೆಚ್ಚು ಕೊಡಲಾಗದು.

ಮೊದಲು ಯಂತ್ರದ ಮೈ. ಕಡಲ ದಂಡೆಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಗೂಡು ಒಂದೇ ಋತುವಿನಲ್ಲಿ ಬಿಳಿ ಹಿಟ್ಟು ಬಿಡಲು ಶುರು ಮಾಡುತ್ತದೆ. ಮಾಡಿನ ಒಳಮೈಯಿಂದ ಆ ಹಿಟ್ಟು ಉದುರಿ ಬೀಳುವುದು ನೇರ ಫಿಲ್ಟರಿನ ಮೇಲೆ. ಪೇಟೆಯಲ್ಲಿ ಬರೀ ದೂಳು ತೂಗುವವರಿಗೆ ಇದರಿಂದ ಅಂಥ ನಷ್ಟವಿಲ್ಲ. ಇಲ್ಲಿ ಮಾತ್ರ ಇಡೀ ಲೆಕ್ಕ ಕೆಡುತ್ತದೆ, ಯಾಕೆಂದರೆ ಗಾಳಿಯಲ್ಲಿ ಮಣ್ಣಿನ ದೂಳು ಎಷ್ಟಿದೆ ಎಂದು ಹೇಳುವ ಗುರುತೇ ಅಲ್ಯೂಮಿನಿಯಂ. ಭೂಮಿಯ ಮೇಲ್ಪದರದಲ್ಲಿ ಅದು ತೂಕದ ಸುಮಾರು 8 ಪ್ರತಿಶತ. ಫಿಲ್ಟರಿನಲ್ಲಿ ಸಿಕ್ಕ ಅಲ್ಯೂಮಿನಿಯಂ ಅನ್ನು 0.08ರಿಂದ ಭಾಗಿಸಿ ದೂಳಿನ ತೂಕ ತೆಗೆಯುವುದು ರೂಢಿ. 1 ಮಿಲಿಗ್ರಾಂ ಅಲ್ಯೂಮಿನಿಯಂ ಗೂಡಿನಿಂದ ಉದುರಿದರೆ 12.5 ಮಿಲಿಗ್ರಾಂ ದೂಳು ಬರದೆಯೇ ಬಂದಂತಾಗುತ್ತದೆ. ಗೂಡಿನ ಒಳಮೈಗೆ ಎಪಾಕ್ಸಿ ಲೇಪ ಕೊಡಿಸಬೇಕು, ಅಥವಾ ಇಡೀ ಮಾಡನ್ನೇ ಬಿಳಿ ಪಾಲಿಪ್ರೊಪಿಲೀನ್ ಹಾಳೆಯಲ್ಲಿ ಮಾಡಿಸಬೇಕು. ಎರಡನೆಯದೇ ಒಳ್ಳೆಯದು, ಎಪಾಕ್ಸಿ ಬಿಸಿಲಿಗೆ ಸಿಪ್ಪೆ ಏಳುತ್ತದೆ.

ಫಿಲ್ಟರಿಗೆ ಆಸರೆಯಾಗಿ ಕೊಡುವ ಜಾಳಿಗೆ ಸ್ಟೇನ್‌ಲೆಸ್ ಸ್ಟೀಲಿನದು. ಒದ್ದೆ ಉಪ್ಪು ಕೂತ ಕಡೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿದು ಕಬ್ಬಿಣ, ಕ್ರೋಮಿಯಂ, ನಿಕಲ್ ಮೂರನ್ನೂ ಫಿಲ್ಟರಿನ ಹಿಂಬದಿಗೆ ಅಂಟಿಸುತ್ತದೆ. ಅದನ್ನು ತೆಗೆದು ಪ್ಲಾಸ್ಟಿಕ್ ಜಾಳಿಗೆ ಹಾಕಿಸಿ. ಚೌಕಟ್ಟಿನ ಸುತ್ತ ಬರುವ ಕರಿ ರಬ್ಬರಿನ ಗ್ಯಾಸ್ಕೆಟ್ಟಿನಲ್ಲಿ ಸತು ಇರುತ್ತದೆ, ರಬ್ಬರು ಹದ ಮಾಡುವಾಗ ಸೇರಿಸುವ ಸತುವಿನ ಆಕ್ಸೈಡಿನಿಂದ ಬಂದದ್ದು. ಸಿಲಿಕೋನ್ ಗ್ಯಾಸ್ಕೆಟ್ ಸಿಗುತ್ತದೆ, ದುಬಾರಿಯೂ ಅಲ್ಲ. ರೆಕ್ಕೆ ನಟ್ಟುಗಳು ಗ್ಯಾಲ್ವನೈಸ್ ಮಾಡಿದವಾದರೆ ಅಲ್ಲೂ ಸತುವೇ. ನೈಲಾನ್ ನಟ್ಟು ಹಾಕಿ.

ಬ್ಲೋವರಿನ ವಿಷಯ ಇನ್ನೂ ಗಂಭೀರ. ಕಡಿಮೆ ಬೆಲೆಯ ಮಾದರಿಗಳಲ್ಲಿ ಕಾರ್ಬನ್ ಬ್ರಶ್ ಇರುವ ಮೋಟಾರ್ ಇರುತ್ತದೆ. ಬ್ರಶ್ ಸವೆಯುತ್ತ ಕಮ್ಯುಟೇಟರಿನ, ಅಂದರೆ ಬ್ರಶ್ ಉಜ್ಜುವ ತಿರುಗು ಭಾಗದ, ತಾಮ್ರದ ಪುಡಿ ಗಾಳಿ ಹೊರಬಿಡುವ ಬಾಯಿಯಿಂದ ಹೊರಬೀಳುತ್ತದೆ. ಗಾಳಿ ಸ್ತಬ್ಧವಾದಾಗ ಅದೇ ಪುಡಿ ಸುತ್ತಿಕೊಂಡು ಮತ್ತೆ ಯಂತ್ರದ ಬಾಯಿಗೆ ಬರುತ್ತದೆ. ತಾಮ್ರ ಅಳೆಯಬೇಕೆಂದಿದ್ದರೆ ಬ್ರಶ್ ಇಲ್ಲದ ಮೋಟಾರಿನ ಮಾದರಿಯನ್ನೇ ಕೇಳಿ. ತಾಮ್ರವನ್ನು ಬಿಡುವಂತಿಲ್ಲ: ದೂಳಿನ ಜತೆ ಬಂದ ತಾಮ್ರ ಸಣ್ಣ ಸಸ್ಯಪ್ಲವಕಗಳಿಗೆ (ನೀರಿನಲ್ಲಿ ತೇಲುತ್ತ ಬಿಸಿಲಿನಿಂದ ಬದುಕುವ ಸೂಕ್ಷ್ಮಜೀವಿಗಳಿಗೆ), ಅದರಲ್ಲೂ ಸೈನೆಕೊಕಾಕಸ್ ಜಾತಿಗೆ, ವಿಷವಾಗಬಲ್ಲದು. ಕಬ್ಬಿಣ ಅವಕ್ಕೆ ಗೊಬ್ಬರ, ಆದರೆ ಗಾಳಿಯಲ್ಲಿ ಬಂದದ್ದೆಲ್ಲ ಕಡಲಿಗೆ ಗೊಬ್ಬರವಲ್ಲ. ಬ್ರಶ್ ಇರುವ ಮೋಟಾರೇ ಗತಿಯಾದರೆ ಹೊರಬರುವ ಗಾಳಿಗೆ 4 ಇಂಚಿನ ಪಿವಿಸಿ ಕೊಳವೆ ಜೋಡಿಸಿ ಐದಾರು ಮೀಟರ್ ದೂರ, ಮೂಡಣ ದಿಕ್ಕಿಗೆ ಒಯ್ದು ಬಿಡಿ. ಬ್ರಶ್ ಸುಮಾರು 400ರಿಂದ 500 ತಾಸು ಬಾಳುತ್ತದೆ, ಅಂದರೆ ಎಡೆಬಿಡದೆ ಓಡಿದರೆ ಇಪ್ಪತ್ತು ದಿನ. ಪೂರ್ತಿ ಸವೆಯಲು ಬಿಟ್ಟರೆ ಕಮ್ಯುಟೇಟರೇ ಗೀರಿಹೋಗಿ ಮೋಟಾರ್ ಬದಲಿಸಬೇಕಾಗುತ್ತದೆ. ಒಂದು ಜತೆ ಬ್ರಶ್ಶಿಗೆ ಹೋಗುವ ಹಣ ಮೋಟಾರಿನ ಮುಂದೆ ಏನೂ ಅಲ್ಲ; ಹತ್ತು ಜತೆ ಒಟ್ಟಿಗೆ ತರಿಸಿಕೊಳ್ಳಿ.

ಇನ್ನು ಜಾಗ. ಕಾರವಾರದಲ್ಲಿ ಕಬ್ಬಿಣವನ್ನು ಮಾತ್ರ ಅಳೆದು ದೂಳಿನ ಬಗ್ಗೆ ಮಾತಾಡುವುದು ಸಾಧ್ಯವೇ ಇಲ್ಲ. ಇಲ್ಲಿ ಗೋಡೆ ಚಿರೆಕಲ್ಲಿನದು, ರಸ್ತೆ ಬದಿಯ ಮಣ್ಣು ಅದರದೇ ಪುಡಿ, ಹೆದ್ದಾರಿ 66ರಲ್ಲಿ ಲಾರಿ ಹೋದರೆ ಏಳುವ ಕೆಂಪು ದೂಳೂ ಅದೇ. ಚಿರೆಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಅಲ್ಯೂಮಿನಿಯಂನಷ್ಟೇ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಮರಳುಗಾಡಿನ ದೂಳಿನಲ್ಲಿ ಕಬ್ಬಿಣವು ಅಲ್ಯೂಮಿನಿಯಂನ ಅರ್ಧದ ಆಸುಪಾಸು. ಈ ಅನುಪಾತವೇ ನಿಮ್ಮ ಕಾವಲುಗಾರ. ಫಿಲ್ಟರಿನಲ್ಲಿ ಅದು 0.5ರ ಹತ್ತಿರ ನಿಂತರೆ ದೂಳು ದೂರದ್ದಿರಬಹುದು, 0.8, 1 ಎಂದು ಏರಿದರೆ ಊರಿನ ಮಣ್ಣು ಬೆರೆತಿದೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸುವ ತನಕ ಬೇಲೆಕೇರಿ, ಕಾರವಾರ ಬಂದರುಗಳಲ್ಲಿ ಕಬ್ಬಿಣದ ಅದಿರಿನ ರಾಶಿಗಳೇ ಇದ್ದವು. ಆ ಕಾಲದ ಯಾವುದೇ ಅಳತೆಯ ಅಂಕಿ ಕೈಗೆ ಸಿಕ್ಕಿದರೆ ಈ ಅನುಪಾತ ನೋಡದೆ ಇಂದಿನ ಅಂಕಿಯ ಜತೆ ಹೋಲಿಸಬೇಡಿ.

ಹಾಗಾಗಿ ಯಂತ್ರದ ಜತೆಗೆ ಕೊಳ್ಳಲೇಬೇಕಾದ ಇನ್ನೊಂದು ಭಾಗವಿದೆ: ಗಾಳಿಯ ದಿಕ್ಕು ನೋಡಿ ಬ್ಲೋವರ್ ಚಾಲೂ-ಬಂದ್ ಮಾಡುವ ನಿಯಂತ್ರಕ. ಇದಿಲ್ಲದ ಸ್ಯಾಂಪ್ಲರ್ ನಮ್ಮ ಕರಾವಳಿಯಲ್ಲಿ ವ್ಯರ್ಥ. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಎದ್ದು ಸಂಜೆಯ ತನಕ ಬೀಸುತ್ತದೆ. ರಾತ್ರಿಯಿಂದ ಬೆಳಗಿನ ತನಕ ಕಾಳಿ ಕಣಿವೆಯಿಂದ ಕಡಲ ಕಡೆಗೆ ಮೂಡಣ ಗಾಳಿ ಇಳಿಯುತ್ತದೆ. ಆ ರಾತ್ರಿ ಗಾಳಿಯಲ್ಲಿ ಒಲೆಯ ಹೊಗೆ, ತರಗೆಲೆ ಸುಟ್ಟ ಹೊಗೆ, ರಸ್ತೆಯ ಮಣ್ಣು ಎಲ್ಲ ಇರುತ್ತದೆ. ನಿಯಂತ್ರಕವನ್ನು ಗಾಳಿ 220ರಿಂದ 330 ಡಿಗ್ರಿಯ ಒಳಗಿನಿಂದ, ಅಂದರೆ ಕಡಲ ಕಡೆಯಿಂದ, ಬೀಸುತ್ತಿದ್ದು ವೇಗ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದಾಗ ಮಾತ್ರ ಬ್ಲೋವರ್ ಓಡುವಂತೆ ಹೊಂದಿಸಿ. ಆಗ ದಿನಕ್ಕೆ ಎಂಟು ತಾಸು ಓಡಿದರೆ ಹೆಚ್ಚು; ಒಂದು ಮಾದರಿಗೆ ಮೂರು ದಿನ ಬೇಕು. ಈ ಯಂತ್ರದ ವಿನ್ಯಾಸದಲ್ಲೇ ಒಂದು ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಬ್ಲೋವರ್ ನಿಂತಾಗಲೂ ಫಿಲ್ಟರ್ ತೆರೆದೇ ಇರುತ್ತದೆ, ರಾತ್ರಿಯ ದೂಳು ತಾನಾಗಿ ಬಂದು ಕೂರುತ್ತದೆ. ಮುಚ್ಚಳ ತಾನೇ ಹಾಕಿಕೊಳ್ಳುವ ವ್ಯವಸ್ಥೆ ಯಾಕಿಟ್ಟಿಲ್ಲವೋ. ಇದಕ್ಕೆ ಪರಿಹಾರ ಒಂದೇ: ಖಾಲಿ ಫಿಲ್ಟರ್ ಒಂದನ್ನು ಅಷ್ಟೇ ದಿನ, ಬ್ಲೋವರ್ ಹಚ್ಚದೆ, ಅದೇ ಗೂಡಿನಲ್ಲಿಟ್ಟು ತೆಗೆದು, ಅದರಲ್ಲಿ ಸಿಕ್ಕಿದ್ದನ್ನು ಉಳಿದವುಗಳಿಂದ ಕಳೆಯಬೇಕು. ಹತ್ತು ಮಾದರಿಗೆ ಇಂಥ ಒಂದು ಖಾಲಿ ಇರಲೇಬೇಕು.

ಎತ್ತರ ನೆಲದಿಂದ 10 ಮೀಟರ್ ಇರಲಿ. ತೀರ ಅಲೆಯ ಅಂಚಿನಲ್ಲಿಟ್ಟರೆ ಉಪ್ಪು ತುಂಬಿ ಫಿಲ್ಟರ್ ಕಟ್ಟುತ್ತದೆ. ತಾರಸಿಯ ಕಟ್ಟೆಗೆ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರೆ ಟೈಟಾನಿಯಂ ಅನ್ನು ಗುರುತಾಗಿ ಬಳಸುವ ಆಸೆ ಬಿಡಿ, ಬಿಳಿ ಬಣ್ಣದ ಜೀವಾಳವೇ ಟೈಟಾನಿಯಂ ಡೈಆಕ್ಸೈಡ್. ಕೂರ್ಮಗಡದಂಥ ದ್ವೀಪದ ಮೇಲೆ ಇಡುವುದು ಎಲ್ಲಕ್ಕಿಂತ ಶ್ರೇಷ್ಠ. ಒಂದು ಕಿಲೋವಾಟಿನ ಆಸುಪಾಸು ಎಳೆಯುವ ಮೋಟಾರಿಗೆ ಅಲ್ಲಿ ಕರೆಂಟು ಒದಗಿಸುವುದೇ ತೊಡಕು. ಮಾಜಾಳಿ ಕಡೆಯ ಗುಡ್ಡದ ಮೂಗು, ಬೈತಖೋಲದ ಮೇಲಿನ ಎತ್ತರ, ಕೋಡಿಬಾಗದ ಎರಡಂತಸ್ತಿನ ಕಟ್ಟಡ, ಹೀಗೆ ಹೆದ್ದಾರಿಗೂ ಯಂತ್ರಕ್ಕೂ ನಡುವೆ ಮರಗಳಿರುವ, ಕಡಲ ಕಡೆ ಬೋಳಾಗಿರುವ ಜಾಗ ಹುಡುಕಬೇಕು. ವೋಲ್ಟೇಜ್ ಇಳಿದರೆ ಗಾಳಿಯ ಹರಿವೂ ಇಳಿಯುತ್ತದೆ, ಆದ್ದರಿಂದ ಸ್ಟೆಬಿಲೈಸರ್ ಕಡ್ಡಾಯ. ಕರೆಂಟು ಹೋದ ಹೊತ್ತನ್ನು ಲೆಕ್ಕದಿಂದ ಬಿಡಲು ಗಡಿಯಾರ ನೋಡಬೇಡಿ, ಮೋಟಾರ್ ಓಡಿದ ತಾಸು ತೋರಿಸುವ ಮೀಟರ್ ನೋಡಿ. ಫಿಲ್ಟರ್ ಹಾಕಿದಾಗ, ತೆಗೆಯುವ ಮುನ್ನ, ಎರಡು ಸಲವೂ ಹರಿವು ತಿಳಿಸುವ ಒತ್ತಡಮಾಪಕ (ಮ್ಯಾನೋಮೀಟರ್) ಓದಿ ಸರಾಸರಿ ಹಿಡಿಯಿರಿ. ಉಪ್ಪು ಕೂತ ಹಾಳೆಯಲ್ಲಿ ಕೊನೆಯ ಹರಿವು ಶುರುವಿನದಕ್ಕಿಂತ ಕಡಿಮೆಯೇ ಇರುತ್ತದೆ.

ಫಿಲ್ಟರ್ ಯಾವುದು? ಯಂತ್ರದ ಜತೆ ಬರುವ ಗಾಜಿನ ನಾರಿನ ಹಾಳೆಯಲ್ಲೇ ಲೋಹ ತುಂಬಿದೆ, ಅದನ್ನು ಬದಿಗಿಡಿ. ವಾಟ್‌ಮನ್ 41 ಎಂಬ ಸೆಲ್ಯುಲೋಸ್ ಹಾಳೆ ಈ ಕೆಲಸಕ್ಕೆ ಲೋಕರೂಢಿ. ಅದನ್ನೂ ಹಾಗೇ ಬಳಸುವಂತಿಲ್ಲ: 0.5 ಮೋಲಾರ್ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ದಿನ, ಆಮ್ಲ ಬದಲಿಸಿ ಮತ್ತೊಂದು ದಿನ ನೆನೆಸಿ, ಅತಿಶುದ್ಧ ನೀರಿನಲ್ಲಿ ಆಮ್ಲದ ಅಂಶ ಹೋಗುವ ತನಕ ತೊಳೆದು, ಫಿಲ್ಟರ್ ಮಾಡಿದ ಗಾಳಿ ಹಾಯುವ ಮೇಜಿನಡಿ ಒಣಗಿಸಬೇಕು. ಒದ್ದೆ ಹಾಳೆ ಮೂಲೆ ಹಿಡಿದು ಎತ್ತಿದರೆ ಹರಿಯುತ್ತದೆ. ಪ್ಲಾಸ್ಟಿಕ್ ತಟ್ಟೆ ಸಮೇತ ಎತ್ತಿ. ಪುಡಿ ಹಚ್ಚಿದ ಕೈಗವಸು ಬೇಡ. ಸೆಲ್ಯುಲೋಸ್ ತೇವ ಕುಡಿಯುವುದರಿಂದ ಈ ಹಾಳೆಯನ್ನು ತೂಗಿ ದೂಳು ಲೆಕ್ಕ ಹಾಕುವುದು ಕಾರವಾರದ ಹವೆಯಲ್ಲಿ ನಂಬಿಕೆಗೆ ತಕ್ಕದ್ದಲ್ಲ. ತೂಕ ಬಿಟ್ಟುಬಿಡಿ, ಅಲ್ಯೂಮಿನಿಯಂನಿಂದಲೇ ಲೆಕ್ಕ ಹಾಕಿ. ಕಣ್ಣಿಗೂ ಸ್ವಲ್ಪ ಕೆಲಸ ಕೊಡಿ: ದೂರದ ದೂಳು ಹಾಳೆಯ ಮೇಲೆ ಮಾಸಲು ಕೇಸರಿ-ಕಂದು, ಊರಿನ ಮಣ್ಣು ಇಟ್ಟಿಗೆಗೆಂಪು, ಹೊಗೆ ಬೂದುಗಪ್ಪು.

ಹಿಡಿದದ್ದರಲ್ಲಿ ಕಡಲಿಗೆ ದಕ್ಕುವುದೆಷ್ಟು ಎಂಬುದು ಮುಂದಿನ ಮತ್ತು ನಿಜವಾದ ಪ್ರಶ್ನೆ. ಗಾಳಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಮರಳುಗಾಡಿನ ದೂಳಿದೆ ಎಂದಿಟ್ಟುಕೊಳ್ಳಿ. 1,584 ಘನ ಮೀಟರಿಗೆ 79 ಮಿಲಿಗ್ರಾಂ ಆಯಿತು. ಗಾಳಿ ಹಾಯುವ ಜಾಗ ಸುಮಾರು 406 ಚದರ ಸೆಂಟಿಮೀಟರ್. ಅದರಿಂದ 47 ಮಿಲಿಮೀಟರ್ ವ್ಯಾಸದ ಒಂದು ಬಿಲ್ಲೆ ಕತ್ತರಿಸಿದರೆ 3.4 ಮಿಲಿಗ್ರಾಂ ದೂಳು, ಅದರಲ್ಲಿ ಕಬ್ಬಿಣ 3.5 ಪ್ರತಿಶತವೆಂದು ಹಿಡಿದರೆ 0.12 ಮಿಲಿಗ್ರಾಂ. ಈ ಬಿಲ್ಲೆಯ ಮೇಲೆ 100 ಮಿಲಿಲೀಟರ್ ಅತಿಶುದ್ಧ ನೀರನ್ನು ಸರಕ್ಕನೆ ಹಾಯಿಸಿ, ಕೆಳಗೆ 0.2 ಅಥವಾ 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ ಸಿಕ್ಕಿದ್ದನ್ನೇ ಕರಗುವ ಭಾಗ ಎಂದು ಕರೆಯುತ್ತಾರೆ. ಮರಳುಗಾಡಿನ ದೂಳಿನಲ್ಲಿ ಕರಗುವ ಕಬ್ಬಿಣ ಬಹಳ ಸಲ 1-2 ಪ್ರತಿಶತದ ಒಳಗೆ. ಎಣ್ಣೆ ಸುಟ್ಟ ಬೂದಿ, ಪೇಟೆಯ ಹೊಗೆ ಬೆರೆತರೆ ಇದು ಹತ್ತಕ್ಕೂ ಮೇಲೆ ಹೋಗಬಲ್ಲದು. ದಾರಿಯಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲ ಕುಡಿದು ಬಂದ ದೂಳೂ ಹೆಚ್ಚು ಕರಗುತ್ತದೆ. ವೆನೇಡಿಯಂ ಅಳೆದರೆ ಹಡಗಿನ ಭಾರದ ಎಣ್ಣೆಯ ಗುರುತು ಸಿಗುತ್ತಿತ್ತು. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕ 0.5 ಪ್ರತಿಶತ ಮೀರಬಾರದೆಂಬ ನಿಯಮ ಬಂದ ಮೇಲೆ ಆ ಗುರುತು ಮಸುಕಾಗಿದೆ. ನೀರಿನ ಬದಲು ಸಮುದ್ರದ ನೀರು, ಅಸಿಟಿಕ್ ಆಮ್ಲ ಎಂದು ದ್ರಾವಣ ಬದಲಿಸಿದರೆ ಉತ್ತರ ಹಲವು ಪಟ್ಟು ಬದಲಾಗುತ್ತದೆ. ಯಾವ ದ್ರಾವಣ, ಎಷ್ಟು ಹೊತ್ತು, ಯಾವ ರಂಧ್ರದ ಫಿಲ್ಟರ್ ಎಂದು ಬರೆಯದ ಕರಗುವಿಕೆಯ ಅಂಕಿಗೆ ಬೆಲೆಯಿಲ್ಲ.

ಒಟ್ಟು ಲೋಹಕ್ಕೆ ಇನ್ನೊಂದು ಬಿಲ್ಲೆಯನ್ನು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಟೆಫ್ಲಾನ್ ಡಬ್ಬಿಯೊಳಗೆ ಕರಗಿಸಬೇಕು, ಸಿಲಿಕೇಟ್ ಖನಿಜ ಬೇರೆ ಆಮ್ಲಕ್ಕೆ ಪೂರ್ತಿ ಬಗ್ಗುವುದಿಲ್ಲ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿಯುತ್ತದೆ, ಮೊದಮೊದಲು ನೋವೂ ತಿಳಿಯದಿರಬಹುದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡಲೇಬಾರದು. ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುವುದಾದರೆ ಒಂದು ಮಾತು ಮೊದಲೇ ಕೇಳಿ: ಲೋಹಗಳನ್ನು ಪರಮಾಣುವಿನ ತೂಕದಿಂದ ಗುರುತಿಸಿ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ, ಸುಳ್ಳು ಗುರುತುಗಳನ್ನು ತಡೆಯಲು ಹೀಲಿಯಂ ಹಾಯಿಸುವ ಕೊಲಿಷನ್ ಸೆಲ್ ಇದೆಯೇ? ಇಲ್ಲದಿದ್ದರೆ ಆರ್ಗಾನ್ ಮತ್ತು ಆಮ್ಲಜನಕ ಕೂಡಿ 56ರ ತೂಕದಲ್ಲಿ ಕಬ್ಬಿಣದ ವೇಷ ಹಾಕಿ ನಿಲ್ಲುತ್ತವೆ.

ಈಗ ಕಡಲಿನ ಲೆಕ್ಕ. ದೂಳು ಸೆಕೆಂಡಿಗೆ 1 ಸೆಂಟಿಮೀಟರ್ ವೇಗದಲ್ಲಿ ನೀರಿಗೆ ಇಳಿಯುತ್ತದೆಂದು ಹಿಡಿಯುವುದು ವಾಡಿಕೆ; ಈ ಸಂಖ್ಯೆ ಎರಡು-ಮೂರು ಪಟ್ಟು ಆಚೀಚೆ ಆಗಬಹುದು. 50 ಮೈಕ್ರೋಗ್ರಾಂ ದೂಳಿರುವ ದಿನ ಒಂದು ಚದರ ಮೀಟರ್ ನೀರಿಗೆ 43 ಮಿಲಿಗ್ರಾಂ ದೂಳು, ಅದರಲ್ಲಿ 1.5 ಮಿಲಿಗ್ರಾಂ ಕಬ್ಬಿಣ, ಕರಗುವುದು 1 ಪ್ರತಿಶತವಾದರೆ 15 ಮೈಕ್ರೋಗ್ರಾಂ. ಮೇಲಿನ 10 ಮೀಟರ್ ನೀರಿನಲ್ಲಿ ಬೆರೆತರೆ ಲೀಟರಿಗೆ ಸುಮಾರು 0.03 ನ್ಯಾನೋಮೋಲ್. ತೆರೆದ ಸಾಗರದ ಮೇಲ್ನೀರಿನಲ್ಲಿ ಕಬ್ಬಿಣ ಇರುವುದೇ ಲೀಟರಿಗೆ 1 ನ್ಯಾನೋಮೋಲಿಗಿಂತ ಕಡಿಮೆ. ಅಲ್ಲಿ ಇಂಥ ನಾಲ್ಕಾರು ದಿನ ಬಂದರೆ ಸಸ್ಯಪ್ಲವಕಕ್ಕೆ ಅದು ಊಟ. ಕಾಳಿಯ ಬಾಯಲ್ಲಿ, ದೇವಬಾಗದ ಎದುರಿನ ಆಳವಿಲ್ಲದ ನೀರಿನಲ್ಲಿ, ಹೊಳೆಯ ಮಣ್ಣಿನಿಂದಲೂ ತಳದ ಕೆಸರಿನಿಂದಲೂ ಕಬ್ಬಿಣ ಸದಾ ಏಳುತ್ತಿರುತ್ತದೆ. ಅಲ್ಲಿ ಈ 0.03 ಲೆಕ್ಕಕ್ಕೇ ಬಾರದು. ಹಾಗಾಗಿ ಕಾರವಾರದ ತಾರಸಿಯ ಯಂತ್ರ ಹೇಳುವ ಸಂಗತಿ ದಂಡೆಯ ನೀರಿನದಲ್ಲ. ಅದೇ ಗಾಳಿ ಹಾದುಬಂದ, ದಂಡೆಯಿಂದ ದೂರದ ನೀರಿನದು. ಮುಂಗಾರಿನ ಕೊನೆಗೆ ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ, ಒಮಾನಿನ ಆಚೆ, ನೈಟ್ರೇಟ್ ಉಳಿದಿದ್ದರೂ ಕಬ್ಬಿಣ ಸಾಲದೆ ಪ್ಲವಕ ಬೆಳೆಯದ ಸ್ಥಿತಿ ಉಂಟಾಗುತ್ತದೆಂದು ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಬರೆದಿದ್ದಾರೆ. ನಮ್ಮ ಕಡೆ ಗಮನಿಸಬೇಕಾದ ಜೀವಿ ಟ್ರೈಕೊಡೆಸ್ಮಿಯಂ. ಫೆಬ್ರವರಿಯಿಂದ ಮೇ ತನಕ ಕಡಲು ಶಾಂತವಿದ್ದಾಗ ಮರದ ಹೊಟ್ಟು ಚೆಲ್ಲಿದಂತೆ ನೀರಿನ ಮೇಲೆ ತೇಲುವುದು ಇದೇ. ಗಾಳಿಯ ನೈಟ್ರೋಜನ್ ಹಿಡಿಯುವ ಅದರ ಕಿಣ್ವಕ್ಕೆ ಕಬ್ಬಿಣ ಬಹಳ ಬೇಕು, ದೂಳಿನ ಕಣವನ್ನೇ ತನ್ನ ಎಳೆಗಳ ಗೊಂಚಲಿನೊಳಗೆ ಎಳೆದುಕೊಂಡು ಕರಗಿಸಿಕೊಳ್ಳುವ ಜಾಣ್ಮೆಯೂ ಇದೆ. ದೂಳಿನ ದಿನಗಳ ಪಟ್ಟಿ, ಹೊಟ್ಟು ಕಂಡ ದಿನಗಳ ಪಟ್ಟಿ ಎರಡನ್ನೂ ಜತೆಗಿಟ್ಟು ನೋಡಲು ಈ ಯಂತ್ರ ನಿಜಕ್ಕೂ ಒಳ್ಳೆಯ ಸಾಧನ.

ಯಾವ ದಿನ ಹಚ್ಚಬೇಕೆಂದು ತಿಳಿಯಲು ಉಚಿತ ಸೇವೆಗಳಿವೆ. ಯುರೋಪಿನ ಕೋಪರ್ನಿಕಸ್ ಸೇವೆಯ ದೂಳಿನ ಮುನ್ಸೂಚನೆ ನಕ್ಷೆ ಕೆಲವು ದಿನ ಮುಂಚೆಯೇ ಎಚ್ಚರಿಸುತ್ತದೆ. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಹೈಸ್ಪ್ಲಿಟ್ ಎಂಬ, ಗಾಳಿಯ ದಾರಿ ಲೆಕ್ಕ ಹಾಕುವ ತಂತ್ರಾಂಶದಲ್ಲಿ 14.8 ಉತ್ತರ, 74.1 ಪೂರ್ವ ಎಂದು ಕೊಟ್ಟು 100, 500, 1500 ಮೀಟರ್ ಎತ್ತರಕ್ಕೆ 120 ತಾಸು ಹಿಂದಕ್ಕೆ ಓಡಿಸಿದರೆ ಗಾಳಿ ಎಲ್ಲಿಂದ ಬಂತೆಂಬ ಗೆರೆ ಸಿಗುತ್ತದೆ. ಮಾರ್ಚ್-ಮೇ ಅವಧಿಯಲ್ಲಿ ಆ ಗೆರೆ ಅರೇಬಿಯಾ, ಇರಾನ್-ಪಾಕಿಸ್ತಾನದ ಮಕ್ರಾನ್ ತೀರ, ಇರಾನ್-ಅಫ್ಘಾನಿಸ್ತಾನ ಗಡಿಯ ಸಿಸ್ತಾನ್ ಅಥವಾ ಥಾರ್ ಕಡೆಗೆ ಹೋದರೆ ಫಿಲ್ಟರ್ ಹಾಕಿ. 2022ರ ಜನವರಿಯಲ್ಲಿ ಮುಂಬೈಯನ್ನೇ ಮಸುಕಾಗಿಸಿದಂಥ ದೂಳು ಚಳಿಗಾಲದಲ್ಲೂ ಬರುವುದುಂಟು. ಉಪಗ್ರಹ ಚಿತ್ರ ಮಾತ್ರ ನೋಡಿ ನಿರ್ಧರಿಸಬೇಡಿ. ದೂಳಿನ ಪದರ ಎಷ್ಟೋ ಸಲ 1ರಿಂದ 4 ಕಿಲೋಮೀಟರ್ ಎತ್ತರದಲ್ಲಿ ಸಾಗುತ್ತದೆ. ಆಕಾಶ ಮಂಕಾಗಿದ್ದರೂ ತಾರಸಿಯ ಹಾಳೆ ಬೆಳ್ಳಗೇ ಉಳಿಯುತ್ತದೆ. ಗೋಡೆಗೆ ತಗಲಿಸುವ ಅಗ್ಗದ ಲೇಸರ್ ದೂಳುಮಾಪಕವೂ ಈ ಯಂತ್ರಕ್ಕೆ ಬದಲಿಯಲ್ಲ. ಮರಳುಗಾಡಿನ ದೂಳಿನ ದಪ್ಪ ಕಣಗಳನ್ನು ಅದು ಬಹುಪಾಲು ಕಾಣುವುದೇ ಇಲ್ಲ, ತೇವ ಹೆಚ್ಚಿದರೆ ಹನಿಯನ್ನೇ ದೂಳೆಂದು ಎಣಿಸುತ್ತದೆ.

ಬೇಸರದ ಸಂಗತಿಯೆಂದರೆ ಅರಬ್ಬೀ ಸಮುದ್ರದ ಮೇಲೆ ದೂಳು ಅತಿ ಹೆಚ್ಚಿರುವುದು ಜೂನ್-ಜುಲೈಯಲ್ಲಿ, ಆಗ ಇಲ್ಲಿ ಜಡಿಮಳೆ. ವಾಟ್‌ಮನ್ ಹಾಳೆ ನೆನೆದು ಜೋತು ಹರಿಯುತ್ತದೆ; ಹರಿಯದಿದ್ದರೂ ಮಳೆ ಗಾಳಿಯನ್ನು ತೊಳೆದಿರುತ್ತದೆ. ಮಳೆ ಬಂದಾಗ ಮಾತ್ರ ಮುಚ್ಚಳ ತೆರೆಯುವ, ಆಮ್ಲದಲ್ಲಿ ತೊಳೆದ ಪಾಲಿಥೀನ್ ಆಲಿಕೆಯ ಮಳೆ ಸಂಗ್ರಾಹಕ ಬೇರೆಯೇ ಬೇಕು. ಅದರಲ್ಲೂ ಮೊದಲ ಎರಡು-ಮೂರು ಮಳೆಯ ನೀರನ್ನು ಬಿಡಬಾರದು, ಗಾಳಿಯಲ್ಲಿ ಉಳಿದ ದೂಳಿನ ಬಹುಪಾಲು ಅವುಗಳಲ್ಲೇ ಇಳಿಯುತ್ತದೆ. ಮೇ ಮೂರನೇ ವಾರಕ್ಕೆ ಸ್ಯಾಂಪ್ಲರನ್ನು ತಾರಸಿಯಿಂದ ಇಳಿಸಿ. ಬ್ಲೋವರ್ ಬಿಚ್ಚಿಟ್ಟು, ಗೂಡನ್ನು ಸಿಹಿನೀರಿನಿಂದ ಉಪ್ಪು ಹೋಗುವ ತನಕ ತೊಳೆದು ಒಣಗಿಸಿ. ಬ್ರಶ್ ಹೊಸದು ಹಾಕಿ, ಗ್ಯಾಸ್ಕೆಟ್ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿಡಿ, ಗಾಳಿಯ ದಿಕ್ಕು ತೋರುವ ಬಾಣದ ಬೇರಿಂಗಿಗೆ ಎಣ್ಣೆ ಬಿಡಿ. ನವೆಂಬರಿನಲ್ಲಿ ಮತ್ತೆ ಏರಿಸಿದ ದಿನ ಮೊದಲು ಹರಿವಿನ ಕ್ಯಾಲಿಬ್ರೇಷನ್, ಆಮೇಲೆ ಬ್ಲೋವರ್ ಹಚ್ಚದ ಖಾಲಿ ಫಿಲ್ಟರ್, ಅದರ ಅಂಕಿ ಬಂದ ಮೇಲೆ ಮೊದಲ ಮಾದರಿ.